ಡೆಲ್ಮಸ್ ಪಿಂಡರ್ ಮತ್ತು ಉಳಿದುಹೋದ ಉಂಗುರ

ಮಯಾಮಿಯ ದಕ್ಷಿಣದ ದ್ವೀಪವೊಂದರಲ್ಲಿರುವ ನಮ್ಮ ಟಾವರ್ನಿಯರ್ ಊರಿನಲ್ಲಿ ಕಾಲುಚೀಲ ಹಾಕುವ ಗಂಡಸು ಒಬ್ಬನೂ ಇರಲಿಲ್ಲ. ಆದರೂ ಚರ್ಚಿನ ಹಳೆಬಟ್ಟೆ ಅಂಗಡಿಗೆ ಉಣ್ಣೆಯ ಕಾಲುಚೀಲ ಬಂದರೆ ಸಾಕು, ಡೆಲ್ಮಸ್ ಪಿಂಡರ್ ಅಷ್ಟನ್ನೂ ಬಾಚಿಕೊಂಡು ಬರುತ್ತಿದ್ದ. ಅವು ಕಾಲಿಗಲ್ಲ, ರೆಗ್ಯುಲೇಟರಿಗೆ. ಸಮುದ್ರದೊಳಗೆ ಇಳಿಯುವವರ ಬೆನ್ನ ಮೇಲಿನ ಸಿಲಿಂಡರಿನಿಂದ ಗಾಳಿಯನ್ನು ಹದ ಮಾಡಿ ಬಾಯಿಗೆ ಕೊಡುವ ಸಾಧನ ಅದು. ಅದರ ಹಿತ್ತಾಳೆಯ ತಲೆಗೆ ಒಂದು ಕಾಲುಚೀಲ ತೊಡಿಸದೆ ಡೆಲ್ಮಸ್ ಯಾರನ್ನೂ ಪ್ರಯಾಣಕ್ಕೆ ಕಳಿಸಿದವನಲ್ಲ.

ಡೆಲ್ಮಸ್ ಕೆಲಸ ಮಾಡುತ್ತಿದ್ದ ಮುಳುಗುಗಾರರ ಸಾಮಾನಿನ ಅಂಗಡಿಯಲ್ಲಿ, ನಾನು ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ನಿಂತವಳು. ಅವನ ಬೆಂಚು ನನ್ನ ಬೆನ್ನ ಹಿಂದೆಯೇ ಇತ್ತು. ಅವನ ಬೈಗುಳ ದಿನಕ್ಕೆ ನಾಲ್ಕು ಸಲ ಕಿವಿಗೆ ಬೀಳುತ್ತಿತ್ತು.

"ಊದ್ಬೇಡ್ವೋ! ಮುಚ್ಚಳದ ಮೇಲಿನ ನೀರು ಊದಿದ್ರೆ ಆ ಹನಿ ಸೀದಾ ಒಳಗೆ ಹೋಗಿ ಕೂರತ್ತೆ. ಬಟ್ಟೆ ಇಲ್ವಾ? ಅಂಗಿ ಇದ್ಯಲ್ಲ ಮೈಮೇಲೆ, ಅದ್ರಲ್ಲಿ ಒರ್ಸು!"

"ಕೊಳವೆ ಹೀಗೆ ಮುರಿದು ಮಡಚ್ತಾರೇನೋ? ದೊಡ್ಡ ಸುತ್ತು ಹಾಕು. ಪಕ್ಕದ ಗುಂಡಿ ತಿರುಗಿಸಿ ಸಡಿಲ ಮಾಡು, ಒಳಗಿನ ಸ್ಪ್ರಿಂಗಿಗೂ ರಜೆ ಬೇಕು."

"ವಿಮಾನದ ಹೊಟ್ಟೆಗೆ ಹೆಂಡ್ತೀನ ಬೇಕಾದ್ರೆ ಹಾಕು. ಇದು ಮಾತ್ರ ಕೈಯಲ್ಲೇ ಇರ್ಲಿ."

ಬೈಸಿಕೊಂಡವರು ನಗುತ್ತ ಹೋಗಿ ಮುಂದಿನ ವರ್ಷ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು.

ಅವನದೊಂದು ನಿಯಮವಿತ್ತು. ಬಿಚ್ಚಿ ಜೋಡಿಸಿದ ರೆಗ್ಯುಲೇಟರನ್ನು ಮೊದಲು ನಮ್ಮ ಸಮುದ್ರದಲ್ಲೇ ಒಂದು ಸಲ ತೊಟ್ಟು ಮುಳುಗಿ ನೋಡಬೇಕು, ಆಮೇಲಷ್ಟೇ ಪೆಟ್ಟಿಗೆಗೆ. ಎಪ್ಪತ್ತೊಂಬತ್ತರಲ್ಲಿ ಟ್ಯಾಂಪಾದ ಒಬ್ಬ ಡಾಕ್ಟರು ಅವನ ಬೆಂಚಿನಿಂದ ನೇರವಾಗಿ ಹೊಂಡುರಾಸಿಗೆ ಹೋಗಿದ್ದರು. ತೊಂಬತ್ತು ಅಡಿ ಆಳದಲ್ಲಿ ಗಾಳಿ ಒಂದೇ ಸಮನೆ ನುಗ್ಗಿ ಸಿಲಿಂಡರು ಬರಿದಾಯಿತು. ಡಾಕ್ಟರು ಗಾಬರಿಯಲ್ಲಿ ಮೇಲಕ್ಕೆ ಚಿಮ್ಮಿ ಜೀವ ಉಳಿಸಿಕೊಂಡರು, ಒಂದು ಕಿವಿ ಮಾತ್ರ ಹೋಯಿತು. ಅವರು ವಾಪಸು ಬಂದು, ಒಂದು ಮಾತೂ ಆಡದೆ ರೆಗ್ಯುಲೇಟರನ್ನು ಕೌಂಟರಿನ ಮೇಲಿಟ್ಟು ಹೋದರಂತೆ. ಬೈದಿದ್ದರೆ ಡೆಲ್ಮಸ್ ಮರೆಯುತ್ತಿದ್ದನೋ ಏನೋ. ಆ ಮೌನವನ್ನು ಅವನು ಮರೆಯಲಿಲ್ಲ.

ತೊಂಬತ್ತೆಂಟರ ಫೆಬ್ರವರಿಯಲ್ಲಿ ಅವನು ಆ ನಿಯಮ ಮುರಿದ. ನಾಲ್ಕು ದಿನದಿಂದ ಬಡಗಣ ಗಾಳಿ ಬೀಸುತ್ತಿತ್ತು, ಒಂದು ದೋಣಿಯೂ ಹೊರಟಿರಲಿಲ್ಲ. ಶಾಲೆಯ ಟೀಚರ್ ರಮೋನಾ ಸಾಯರ್ ಮರುದಿನವೇ ಸಮುದ್ರಕ್ಕಿಳಿಯಲು ದೂರದ ದ್ವೀಪವಾದ ಬೊನೇರ್‌ಗೆ ಹೊರಡುವವಳಿದ್ದಳು. ಆರು ವರ್ಷದ ಮೇಲೆ ಅವಳಿಗೆ ಸಿಕ್ಕ ರಜೆ ಅದು. ಡೆಲ್ಮಸ್ ಗೊಣಗಿದ, ಅವಳು ಗೋಗರೆದಳು. ಕೊನೆಗೆ ಅವನು ಕೆಂಪು ಕಾಲುಚೀಲವೊಂದನ್ನು ಆರಿಸಿ, ತಾನೇ ಕಟ್ಟಿ ಕೊಟ್ಟ.

ನನಗೆ ಬೇರೊಂದು ಚಿಂತೆ ಇತ್ತು. ಕ್ರಿಸ್‌ಮಸ್ಸಿನಿಂದೀಚೆಗೆ ಡೆಲ್ಮಸ್ ಹೇಳಿದ್ದನ್ನೇ ಹೇಳುತ್ತಿದ್ದ. ಕಾಫಿ ಕುಡಿದು ಐದು ನಿಮಿಷಕ್ಕೆ, "ಕೋರಾ, ಇವತ್ತು ಕಾಫಿ ಇಲ್ವೇನೇ?" ಎನ್ನುತ್ತಿದ್ದ. ಒಂದು ಸಲ ನನ್ನನ್ನು ತೀರಿಹೋದ ಅವನ ಅಕ್ಕನ ಹೆಸರಿನಿಂದ ಕರೆದ. ನಾನು ಓಗೊಟ್ಟೆ. ಅರವತ್ತೇಳು ವಯಸ್ಸು, ಆಗುತ್ತದೆ ಬಿಡು ಎಂದು ನನಗೆ ನಾನೇ ಹೇಳಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಅವನ ಕೈ ಮಾತ್ರ ಒಂದಿಷ್ಟೂ ನಡುಗುತ್ತಿರಲಿಲ್ಲ. ಅದನ್ನೇ ಧೈರ್ಯ ಮಾಡಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಬೆಂಚಿನ ಕಡೆಯಿಂದ ಸದ್ದೇ ಇಲ್ಲ. ತಿರುಗಿ ನೋಡಿದರೆ ಡೆಲ್ಮಸ್ ಬಿಡಿಭಾಗಗಳ ಪೊಟ್ಟಣವೊಂದನ್ನು ಹಿಡಿದು ನಿಂತಿದ್ದ. ಅಂಗೈಯಲ್ಲಿ ಒಂದು ಪುಟ್ಟ ಕಪ್ಪು ರಬ್ಬರ್ ಉಂಗುರ.

"ರಮೋನಾಂದು," ಎಂದ. "ಹೊಸದು. ಇದು ಒಳಗಿರ್ಬೇಕಿತ್ತು ಕೋರಾ. ಪೊಟ್ಟಣದಲ್ಲೇ ಉಳಿದಿದೆ."

"ಅದಿಲ್ದಿದ್ರೆ ಏನಾಗತ್ತೆ?"

"ಮೇಲೆ ಏನೂ ಆಗಲ್ಲ. ಆಳಕ್ಕೆ ಹೋದ್ಮೇಲೆ ಗಾಳಿ ಕಿತ್ಕೊಂಡು ನುಗ್ಗತ್ತೆ, ಆ ಡಾಕ್ಟರಿಗೆ ಆದ ಹಾಗೆ."

ರಮೋನಾಳ ಮನೆಗೆ ಫೋನು ಮಾಡಿದೆ. ಅದು ಹೊಡೆದುಕೊಂಡೇ ಇತ್ತು. ಹನ್ನೆರಡೂವರೆಗೆ ಅವಳ ವಿಮಾನ. ಡೆಲ್ಮಸ್ ಆಗಲೇ ಉಪಕರಣದ ಡಬ್ಬಿ, ಒಂದು ಸಣ್ಣ ಸಿಲಿಂಡರು, ಒತ್ತಡ ನೋಡುವ ಗೇಜು ಎಲ್ಲವನ್ನೂ ನನ್ನ ಪಿಕಪ್ಪಿಗೆ ಹಾಕಿ ಕೂತಿದ್ದ. ನಾನು ಅಂಗಡಿಗೆ ಬೀಗ ಜಡಿದು ಗಾಡಿ ಓಡಿಸಿದೆ.

ಮಯಾಮಿಗೆ ನಮಗಿದ್ದ ದೊಡ್ಡ ರಸ್ತೆ ಒಂದೇ. ಅದರ ಎತ್ತುಸೇತುವೆ ಸರಿಯಾಗಿ ನಮ್ಮ ಮುಖಕ್ಕೇ ಎದ್ದು ನಿಂತಿತು. ಯಾರದೋ ಹಾಯಿದೋಣಿ, ಅವಸರವೇ ಇಲ್ಲದವನ ಹಾಗೆ ತೇಲಿಕೊಂಡು ಹೋಯಿತು. ಆ ದೋಣಿಯವನಿಗೆ ನಾನು ಹಾಕಿದ ಶಾಪ ಇಲ್ಲಿ ಬರೆಯುವಂಥದ್ದಲ್ಲ. ಡೆಲ್ಮಸ್ ಉಂಗುರ ಹಿಡಿದ ಮುಷ್ಟಿ ಬಿಚ್ಚಲೇ ಇಲ್ಲ.

ವಿಮಾನ ನಿಲ್ದಾಣ ತಲುಪಿದಾಗ ಹನ್ನೊಂದು ದಾಟಿತ್ತು. ರಮೋನಾ ಟಿಕೆಟ್ಟಿನ ಸಾಲಿನಲ್ಲಿದ್ದಳು, ಚೀಲ ಅವನು ಹೇಳಿಕೊಟ್ಟಂತೆ ಕೈಯಲ್ಲೇ ಇತ್ತು. ನಮ್ಮನ್ನು ನೋಡಿ ಅವಳ ನಗು ಅರ್ಧಕ್ಕೇ ನಿಂತಿತು.

"ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಆಗ್ಬಾರ್ದು ಅಂತ್ಲೇ ಬಂದಿದ್ದು," ಎಂದ ಡೆಲ್ಮಸ್. "ಹತ್ತು ನಿಮಿಷ ಕೊಡು."

ಗಾಡಿ ನಿಲ್ಲಿಸುವ ಜಾಗದಲ್ಲಿ, ಪಿಕಪ್ಪಿನ ಹಿಂಬಾಗಿಲಿನ ಮೇಲೆ ಬಿಳಿ ಟವೆಲು ಹಾಸಿ, ಕೆಂಪು ಕಾಲುಚೀಲದಿಂದ ರೆಗ್ಯುಲೇಟರನ್ನು ತೆಗೆದು ಬಿಚ್ಚಿದ. ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ರಮೋನಾ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದಳು. ಅವನ ಕೈಗೆ ಯಾವ ಗಡಿಬಿಡಿಯೂ ಇರಲಿಲ್ಲ. ಒಂದೊಂದೇ ಭಾಗ ಟವೆಲಿನ ಮೇಲೆ ಸಾಲಾಗಿ ಬಂತು. ಒಂದೊಂದೇ ಉಂಗುರವನ್ನು ಭೂತಗನ್ನಡಿಯಲ್ಲಿ ನೋಡಿದ. ಕೊನೆಯದನ್ನು ನೋಡಿ ಮತ್ತೆ ಮೊದಲಿನಿಂದ ನೋಡಿದ.

ಎಲ್ಲವೂ ಇದ್ದವು. ಎಲ್ಲವೂ ಹೊಸವು, ಇರಬೇಕಾದ ಜಾಗದಲ್ಲೇ ಇದ್ದವು. ಅವನು ಮುಷ್ಟಿ ಬಿಚ್ಚಿ ಉಂಗುರವನ್ನು ನೋಡಿದ. ಸುಮಾರು ಹೊತ್ತು ನೋಡಿದ.

"ಇದು ಹಳೇ ಮಾದರಿ ರೆಗ್ಯುಲೇಟರಿಗೆ ಹಾಕೋದು," ಎಂದ, ನಮಗಲ್ಲ ಎಂಬಂತೆ. "ಅದಕ್ಕೂ ಇದಕ್ಕೂ ಒಂದೇ ಪೊಟ್ಟಣ ಬರತ್ತೆ. ಯಾವಾಗ್ಲೂ ಒಂದು ಉಳಿಯತ್ತೆ. ಇಪ್ಪತ್ತೆರಡು ವರ್ಷದಿಂದ ಎತ್ತಿ ಬಿಸಾಕ್ತಾ ಇದೀನಿ ಇದನ್ನ."

ರಮೋನಾ ಜೋರಾಗಿ ನಕ್ಕುಬಿಟ್ಟಳು. ಪಾಪ, ಅವಳಿಗೆ ಸಮಾಧಾನವಾಗಿತ್ತು. ಡೆಲ್ಮಸ್ ಎಲ್ಲವನ್ನೂ ಮತ್ತೆ ಜೋಡಿಸಿ, ಸಣ್ಣ ಸಿಲಿಂಡರಿಗೆ ಹಚ್ಚಿದ. ಗೇಜಿನ ಮುಳ್ಳು ನಿಂತಲ್ಲೇ ನಿಂತಿತು, ಗಾಳಿ ಎಲ್ಲೂ ಸೋರುತ್ತಿರಲಿಲ್ಲ. ಅವನು ಮುಚ್ಚಳ ಒರೆಸಿ, ಗುಂಡಿ ಸಡಿಲಿಸಿ, ಕಾಲುಚೀಲ ತೊಡಿಸಿ ಕೊಟ್ಟ. ರಮೋನಾ ಅವನ ಕೆನ್ನೆಗೆ ಮುತ್ತಿಟ್ಟು, "ಇಷ್ಟು ದೂರ ಯಾರು ಬರ್ತಾರೆ ಹೇಳು!" ಎಂದು ಓಡಿದಳು. ಆ ಕತೆಯನ್ನು ಅವಳು ಬೊನೇರ್ ತುಂಬ ಹೇಳಿಕೊಂಡು ಬಂದಳಂತೆ.

ವಾಪಸು ಬರುವಾಗ ಸೇತುವೆ ಇಳಿದೇ ಇತ್ತು. ಅದನ್ನು ದಾಟಿದ ಮೇಲೆ ನಾನೇ ಬಾಯಿ ಬಿಟ್ಟೆ. "ಒಳ್ಳೇದೇ ಆಯ್ತಲ್ಲ. ನೀನು ತಪ್ಪು ಮಾಡಿರ್ಲಿಲ್ಲ."

"ಮಾಡಿದ್ರೆ ವಾಸಿ ಇತ್ತು ಕಣೇ. ತಪ್ಪಾದ್ರೆ ತಿದ್ಕೋಬಹುದು. ಈ ಮರೆವನ್ನ ಏನು ಮಾಡ್ಲಿ?"

ಆಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ: "ನಿಂಗೆ ಗೊತ್ತಿತ್ತು ಅಲ್ವಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು," ಎಂದೆ. ನನಗೆ ಅಳು ಬಂತು. ಗೊತ್ತಿದ್ದೂ ರಮೋನಾಳನ್ನು ಕಳಿಸಿದ್ದೆ. ಡಾಕ್ಟರ ಕಿವಿಯ ಕತೆ ಅವನಿಗಿಂತ ಹೆಚ್ಚಾಗಿ ನಾನು ನೆನಪಿಡಬೇಕಿತ್ತು.

ಅವನು ಬೈಯಲಿಲ್ಲ. ಆವತ್ತು ಬೈದಿದ್ದರೆ ಚೆನ್ನಾಗಿತ್ತು.

ಬೆಂಚಿನ ಮೇಲೆ ಹನ್ನೊಂದು ರೆಗ್ಯುಲೇಟರುಗಳು ಸರದಿಗಾಗಿ ಕಾಯುತ್ತಿದ್ದವು. "ಒಂದನ್ನೂ ಮುಟ್ಟಲ್ಲ. ಎಲ್ರಿಗೂ ಫೋನ್ ಮಾಡಿ ವಾಪಸ್ ಕೊಡು. ನಂಗೆ ವಯಸ್ಸಾಯ್ತು ಅಂತ ಹೇಳ್ಬೇಡ, ಇರೋ ವಿಷಯನೇ ಹೇಳು," ಎಂದ. ನಾನು ಹನ್ನೊಂದು ಫೋನು ಮಾಡಿದೆ. ಒಬ್ಬರೂ ಜಗಳವಾಡಲಿಲ್ಲ. ಇಬ್ಬರು ಅತ್ತರು.

ಅಷ್ಟರಲ್ಲಿ ಅವನು ಗೋಡೆಯ ಮೊಳೆಯಿಂದ ತನ್ನದೇ ರೆಗ್ಯುಲೇಟರು ಇಳಿಸಿ ಕಟ್ಟತೊಡಗಿದ್ದ. ಬಟ್ಟೆಯಲ್ಲಿ ಮುಚ್ಚಳ ಒರೆಸಿದ. ಗುಂಡಿ ತಿರುಗಿಸಿ ಸಡಿಲಿಸಿದ. ಕೊಳವೆಗಳನ್ನು ದೊಡ್ಡ ಸುತ್ತಿಗೆ ತಂದ. ಇದ್ದುದರಲ್ಲಿ ಚೆನ್ನಾಗಿದ್ದ ಬೂದು ಕಾಲುಚೀಲ ಹುಡುಕಿ ತೊಡಿಸಿದ.

"ಎಲ್ಲಿಗೆ ಹೊರಟೆ?" ಎಂದೆ.

"ಎಲ್ಲಿಗೂ ಇಲ್ಲ. ಹಾಗಂತ ಹೇಗೆಂದ್ರೆ ಹಾಗೆ ಕಟ್ಟಕ್ಕಾಗತ್ತಾ?"

ಚೀಲದ ಜಿಪ್ಪು ಎಳೆದು, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸ್ವಲ್ಪ ಹೊತ್ತಿಗೆ ಕೇಳಿದ: "ನಾನು ಗುಂಡಿ ಸಡಿಲ ಮಾಡಿದ್ನೇನೇ?"

"ಮಾಡಿದೀಯ. ನಾನೇ ನೋಡ್ದೆ."

ಇನ್ನಷ್ಟು ಹೊತ್ತಿಗೆ ಮತ್ತೆ ಅದನ್ನೇ ಕೇಳಿದ. ಮಾಡಿದೀಯ ಎಂದೆ. ಮೂರನೇ ಸಲ ಕೇಳಿದಾಗ ನಾನು ಹತ್ತಿರ ಹೋಗಿ ಕೂತು, ಜಿಪ್ಪು ತೆಗೆದು, ಅವನ ಬೆರಳನ್ನು ಹಿಡಿದು ಸಡಿಲವಾಗಿದ್ದ ಗುಂಡಿಯ ಮೇಲಿಟ್ಟೆ.