ಬೆಣ್ಣೆಯ ವಾಸನೆ ಬಂದರೆ ಚೆಲ್ಲಬೇಕು

ಗೋವಾಕ್ಕೆ ಬಂದ ಮೊದಲ ವಾರದಲ್ಲೇ ಒಂದಿಡೀ ಟ್ಯಾಂಕು ಬಿಯರನ್ನು ಗಟಾರಕ್ಕೆ ಬಿಟ್ಟಿದ್ದನ್ನು ಕಣ್ಣಾರೆ ಕಂಡೆ. ಅದು ಹುಳಿಯಾಗಿರಲಿಲ್ಲ, ಕೊಳೆತಿರಲಿಲ್ಲ. ಅದಕ್ಕೆ ಬೆಣ್ಣೆಯ ವಾಸನೆ ಬರುತ್ತಿತ್ತು, ಅಷ್ಟೇ ಅದರ ಅಪರಾಧ. ನಮ್ಮ ಧಾರವಾಡದಲ್ಲಿ ಬಿಸಿ ರೊಟ್ಟಿ ತಾಟಿಗೆ ಬಿದ್ದ ಕೂಡಲೇ ಅದರ ಮೇಲೆ ಬೆಣ್ಣೆಯ ಉಂಡೆ ಬೀಳುತ್ತದೆ. ಮನೆಯವರನ್ನು ಬೇಕೋ ಬೇಡವೋ ಎಂದು ಕೇಳುವ ಪದ್ಧತಿಯೇ ಇಲ್ಲ. ಇಲ್ಲಿ ಅದೇ ವಾಸನೆ ಬಂದರೆ ಗಟಾರ. ಎಂಥ ಊರಿಗೆ ಬಂದೆನಪ್ಪಾ ಅನ್ನಿಸಿತು.

ಆ ಟ್ಯಾಂಕಿನ ಹಣೆಬರಹ ಬರೆದವಳೂ ನಾನೇ. ಧಾರವಾಡದಲ್ಲಿ ಒಂದು ಹಾಲಿನ ಡೇರಿಯ ಲ್ಯಾಬಿನಲ್ಲಿ ವರ್ಷಗಟ್ಟಲೆ ದುಡಿದಿದ್ದೆ. ಗುತ್ತಿಗೆ ಮುಗಿದು ಅಕ್ಕನ ಮನೆಯಲ್ಲಿ ಕೂತಿದ್ದಾಗ ಮಡಗಾಂವ್ ಹತ್ತಿರದ ಈ ಸಣ್ಣ ಬಿಯರ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ನಾನು ಬಿಯರು ಮುಟ್ಟಿದವಳಲ್ಲ. ಇಲ್ಲಿ ಬಾಟಲಿಗೆ ತುಂಬುವ ಮೊದಲು ಪ್ರತಿ ಟ್ಯಾಂಕಿನ ರುಚಿಯನ್ನು ಮೂವರು ಕೂತು ನೋಡುತ್ತಾರೆ: ಮಾಲೀಕರು, ಬಿಯರು ಮಾಡುವ ಲೂರ್ದಿನ್ ಬಾಯ್, ಮತ್ತು ಲ್ಯಾಬಿನವಳು. ಇಲ್ಲಿ ಹಿರಿಯ ಹೆಂಗಸರ ಹೆಸರಿಗೆ ಮರ್ಯಾದೆಗೆ 'ಬಾಯ್' ಸೇರಿಸುತ್ತಾರೆ. ಕೆಲಸಕ್ಕೆ ಕಡೆಗೆ ಸೇರಿದವರು ಮೊದಲು ಮಾತಾಡಬೇಕು, ಬಿಯರು ಮಾಡಿದವರು ಎಲ್ಲರಾದ ಮೇಲೆ. ದೊಡ್ಡವರ ಮಾತು ಕೇಳಿ ಸಣ್ಣವರು ತಮ್ಮ ಮಾತು ಬದಲಿಸಬಾರದು ಎಂದು ಈ ನೇಮ.

ಡೇರಿಯಲ್ಲಿ ಹೆಪ್ಪಿಗೆ ಬೆಣ್ಣೆಯ ಘಮ ಬಂದರೆ ನಮಗೆ ಶಹಬ್ಬಾಸ್ ಸಿಗುತ್ತಿತ್ತು. ಅದೇ ಧೈರ್ಯದಲ್ಲಿ ಗ್ಲಾಸು ಮೂಸಿದವಳೇ ಹೇಳಿಬಿಟ್ಟೆ: "ಭಾಳ ಚಲೋ ಐತ್ರಿ. ಘಮ್ಮಂತ ಬೆಣ್ಣಿ ವಾಸನಿ ಬರಾಕತ್ತೈತಿ."

ಮಾಲೀಕರು ಗ್ಲಾಸು ಕೆಳಗಿಟ್ಟರು. ಲೂರ್ದಿನ್ ಬಾಯ್ ತನ್ನದೊಮ್ಮೆ ಮೂಸಿದಳು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಆಕಿ ಮೂಗು ಖರೇ ಐತಿ. ಹೊಗಳಿಕಿ ಅಷ್ಟ ತಪ್ಪು. ಚೆಲ್ರಿ ಅದನ್ನ," ಅಂದಳು. ಅದು ಅವಳೇ ಮಾಡಿದ ಬಿಯರು. ತನ್ನ ಮಾಲು ಚೆಲ್ಲಿಸಿ ಹಾಗೆ ನಗುವವರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮಾಲೀಕರಿಗೆ ಕನ್ನಡ ಅಷ್ಟಿಷ್ಟು ತಿಳಿಯುತ್ತಿತ್ತು, ಆದರೆ ಅವಳು ನಮ್ಮ ಕಡೆಯ ಕನ್ನಡವನ್ನೇ ಆಡಿದ್ದು ಕೇಳಿ ನನಗೆ ಅಳುವೇ ಬಂತು. ಗಂಡನ ನೌಕರಿಯ ಕಾಲದಲ್ಲಿ ದಾಂಡೇಲಿಯಲ್ಲಿ ಇದ್ದವಳಂತೆ. ಅಲ್ಲಿ ಕಲಿತ ಕನ್ನಡವನ್ನು ಕೊಂಕಣಿಯ ರಾಗದಲ್ಲಿ ಆಡುತ್ತಿದ್ದಳು. ಆ ಹೊತ್ತಿಗೆ ನಾನು ಬಾಡಿಗೆ ಮನೆ ಹುಡುಕಿ ಸೋತಿದ್ದೆ. ಮನೆ ತೋರಿಸುವವರು ಬಾಡಿಗೆ ಹೇಳುವ ಮೊದಲು ಊರು ಕೇಳುತ್ತಿದ್ದರು. ಊರು ಹೇಳಿದ ಮೇಲೆ ಮನೆ ಖಾಲಿ ಇರುತ್ತಿರಲಿಲ್ಲ. ಒಬ್ಬರಂತೂ ಬಾಗಿಲು ಹಾಕುವ ಮೊದಲೇ ಒಳಗಿನವರಿಗೆ "ಘಾಟಿ" ಅಂದರು. ಘಟ್ಟದ ಮೇಲಿನವರು ಎಂದು ಅದರ ಅರ್ಥ, ಆದರೆ ಅದನ್ನು ಅವರು ಭೂಗೋಳ ಹೇಳುವ ದನಿಯಲ್ಲಿ ಹೇಳುವುದಿಲ್ಲ. ಲೂರ್ದಿನ್ ಬಾಯ್ ತನ್ನ ಮನೆಯ ಹಿಂದಿನ ಎರಡು ಕೋಣೆ ತೆರೆದುಕೊಟ್ಟಳು. ಗಂಡ ತೀರಿಕೊಂಡಿದ್ದ, ಒಬ್ಬನೇ ಮಗ ಇಂಗ್ಲೆಂಡಿನಲ್ಲಿದ್ದ. "ನನಗೂ ಯಾರಾರ ಬೇಕಲ್ಲ ಗೋ," ಅಂದಳು. ಹೆಂಗಸರು ಹೆಂಗಸರನ್ನು ಸಲಿಗೆಯಿಂದ ಕರೆಯುವಾಗ ಕೊಂಕಣಿಯಲ್ಲಿ ಈ 'ಗೋ' ಬರುತ್ತದೆ. ನನ್ನನ್ನು ಹಾಗೆ ಕರೆದದ್ದು ಗೋವಾದಲ್ಲಿ ಅವಳೊಬ್ಬಳೇ.

ಘಟ್ಟದ ಮೇಲಿನ ನಿಮಗೆ ಗೋವಾ ಎಂದರೆ ಸಮುದ್ರ ಮತ್ತು ಮೋಜು. ನನಗೆ ಗೋವಾ ಎಂದರೆ ಮೊದಲು ನೆನಪಾಗುವುದು ಬೂಸ್ಟು. ಮಳೆ ಶುರುವಾದರೆ ಚಪ್ಪಲಿಗೆ, ಬೆಲ್ಟಿಗೆ, ದೇವರ ಫೋಟೋದ ಹಿಂದಕ್ಕೆ, ಎಲ್ಲಕ್ಕೂ ಹಸಿರು ಬೂಸ್ಟು. ಧಾರವಾಡದಲ್ಲಿ ತಿಂಗಳುಗಟ್ಟಲೆ ಬಾಳುವ ಖಡಕ್ ರೊಟ್ಟಿ ಇಲ್ಲಿ ಎರಡು ದಿನಕ್ಕೇ ಒದ್ದೆ ಬಟ್ಟೆಯಾಗುತ್ತದೆ. ಜೋಳದ ಹಿಟ್ಟಿಗೆ ಮೋತಿ ಡೊಂಗರಕ್ಕೆ ಹೋಗುತ್ತಿದ್ದೆ. ಮಡಗಾಂವಿನ ಆ ಗುಡ್ಡದ ಮೇಲೆ ವಿಜಯಪುರ, ಬಾಗಲಕೋಟೆ ಕಡೆಯ ಕೂಲಿಯವರ ಮನೆಗಳು ಒಂದರ ಹೆಗಲಿಗೆ ಒಂದು ಆತುಕೊಂಡಿವೆ. ಗಿರಣಿಯ ಹೆಂಗಸು ಒಮ್ಮೆ ಕೇಳಿದಳು: "ಅಕ್ಕಾರ, ಯಾವ ಕಾರ್ಖಾನ್ಯಾಗ ಇದ್ದೀರಿ?" ನಾನು ಹೇಳಿದೆ. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಹೊಟ್ಟಿಪಾಡು ಬಿಡ್ರಿ," ಅಂದಳು. ಅಕ್ಕ ಊರಲ್ಲಿ ಕೇಳಿದವರಿಗೆಲ್ಲ ನಾನು ಫುಡ್ ಕಂಪನಿಯಲ್ಲಿದ್ದೇನೆ ಎನ್ನುತ್ತಾಳೆ. ಗುಡ್ಡದ ಮೇಲೆ ನಾನು ಬಿಯರಿನವಳು, ಗುಡ್ಡದ ಕೆಳಗೆ ಘಾಟಿಯವಳು. ಮಾತಾಡಲು ಉಳಿದದ್ದು ಲೂರ್ದಿನ್ ಬಾಯ್ ಒಬ್ಬಳೇ.

ಅವಳು ಮಾಡುವ ಬಿಯರುಗಳಲ್ಲಿ ಒಂದಕ್ಕೆ ಮೇರ್ಟ್ಸೆನ್ ಎಂದು ಹೆಸರು. ಜರ್ಮನ್ ಭಾಷೆಯಲ್ಲಿ ಮಾರ್ಚ್ ತಿಂಗಳಿನದು ಎಂದು ಅದರ ಅರ್ಥ. ಯಂತ್ರಗಳಿಲ್ಲದ ಕಾಲದಲ್ಲಿ ಅಲ್ಲಿಯವರು ಬೇಸಿಗೆಯ ಮೊದಲು ಮಾರ್ಚಿನಲ್ಲಿ ಬಿಯರು ಮಾಡಿ, ತಣ್ಣನೆಯ ನೆಲಮಾಳಿಗೆಯಲ್ಲಿಟ್ಟು, ಎಲೆ ಉದುರುವ ಹೊತ್ತಿಗೆ ತೆರೆಯುತ್ತಿದ್ದರಂತೆ. ಗೋವಾದಲ್ಲಿ ಎಲೆ ಉದುರುವ ಕಾಲ ಎಲ್ಲಿಂದ ಬರಬೇಕು? ನಾವು ಚೌತಿ ಕಳೆದು ದಸರೆ ಬರುವುದರೊಳಗೆ ತೆರೆಯುತ್ತೇವೆ. ಮೊಳಕೆ ಬರಿಸಿ ಹದವಾಗಿ ಹುರಿದ ಜವೆಗೋಧಿಯೇ ಅದರ ಜೀವ. ಮೊದಲ ಸಲ ಅದನ್ನು ಬಾಯಿಗಿಟ್ಟಾಗ ಮಾಲೀಕರು ಬಿಸ್ಕತ್ತು ಅಂದರು, ಲೂರ್ದಿನ್ ಬಾಯ್ ಬೆಳಗಿನ ಪಾವು ಬ್ರೆಡ್ಡಿನ ಕಂದು ಬೆನ್ನು ಅಂದಳು. ನನಗೆ ಸಿಕ್ಕಿದ್ದು ಹೆಂಚಿನ ಮೇಲೆ ಕಂದಿದ ರೊಟ್ಟಿಯ ಅಂಚು, ಆಮೇಲೆ ಗೋಧಿ ಹುಗ್ಗಿಯ ಪಾತ್ರೆಯ ತಳದಲ್ಲಿ ಹಿಡಿದ ಬೆಲ್ಲ. ಕಹಿ ಕಡೆಗೆ ಬಂದು, ಹೆಚ್ಚು ಹೊತ್ತು ನಿಲ್ಲದೆ ಹೋಯಿತು. ಮನೆಯಿಂದ ಇಷ್ಟು ದೂರ ಬಂದು ಹುಗ್ಗಿಯ ರುಚಿ ಗ್ಲಾಸಿನಲ್ಲಿ ಸಿಕ್ಕಿತಲ್ಲ ಎಂದು ಸಂಕಟವಾಯಿತು. ಅವತ್ತಿನಿಂದ ನಾನು ಕಾಯುತ್ತಿದ್ದ ಹಬ್ಬ ಅದೊಂದೇ.

ಈ ವರ್ಷದ ಮಾರ್ಚಿನಲ್ಲೂ ಅವಳು ಅದನ್ನು ಮಾಡಿದಳು. ಮಳೆಗಾಲದ ನಡುವೆ ಒಂದು ಸಂಜೆ ಬಾಲ್ಕಾಂವಿನಲ್ಲಿ, ಅಂದರೆ ಮನೆಯೆದುರು ಎರಡು ಬದಿಗೆ ಕಲ್ಲಿನ ಆಸನವಿರುವ ಕಟ್ಟೆಯಲ್ಲಿ, ಕೂತಿದ್ದೆವು. ಅವಳು ರಸ್ತೆಯನ್ನೇ ನೋಡುತ್ತ ಹೇಳಿದಳು: "ನಾ ಹೋಗಾಕತ್ತೇನಿ ಗೋ. ಪೋರ್ಚುಗೀಸ್ ಪಾಸ್‌ಪೋರ್ಟ್ ಆತು. ಮಗನ ಕಡೆ."

"ಎಷ್ಟು ದಿನಕ್ಕ, ಬಾಯ್?"

"ಹೋದವ್ರು ಯಾರಾರ ತಿರುಗಿ ಬಂದಾರೇನು?"

ನಮ್ಮ ಕೇರಿಯಲ್ಲೇ ಬೀಗ ಬಿದ್ದ ಮನೆಗಳಿವೆ. ಗೋವಾ ಪೋರ್ಚುಗೀಸರ ಕೈಯಲ್ಲಿದ್ದ ಅಜ್ಜನ ಕಾಲದ ಕಾಗದ ತೋರಿಸಿ, ಅಲ್ಲಿಯ ಪಾಸ್‌ಪೋರ್ಟ್ ಪಡೆದು ಒಬ್ಬೊಬ್ಬರಾಗಿ ಹೊರದೇಶಕ್ಕೆ ಹೋದವರ ಮನೆಗಳು. ಪರ ಊರಿನವಳಾದ ನಾನು ಅವಳನ್ನು ನೆಚ್ಚಿ ಇಲ್ಲಿ ಬೇರು ಬಿಡುತ್ತಿದ್ದರೆ, ಇಲ್ಲಿಯವಳೇ ಗಂಟುಮೂಟೆ ಕಟ್ಟುತ್ತಿದ್ದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಮಾರ್ಚಿನ ಟ್ಯಾಂಕ್ ತೆಗಿಯೂತನಕ ಇರ್ತೇನಿ," ಅಂದಳು. "ಅದು ನಂದು ಕಡೀದು. ಮಗಗ ನಾಕು ಬಾಟ್ಲಿ ಒಯ್ಯೂದೈತಿ. ತಾಯಿ ಇಷ್ಟ್ ವರ್ಷ ಏನ್ ಮಾಡಿದ್ಲು ಅಂತ ಅವಂಗ ಗೊತ್ತಾಗಲಿ." ಆ ಮಗ ಅವಳ ಕೆಲಸದ ಬಗ್ಗೆ ನಾಚಿಕೊಳ್ಳುತ್ತಿದ್ದ ಎಂದು ಹಿಂದೊಮ್ಮೆ ಹೇಳಿದ್ದಳು.

ರುಚಿ ನೋಡುವ ದಿನ ಬಂತು. ಬೇರೆ ವಾಸನೆ ಬೆರೆಯಬಾರದೆಂದು ಆ ದಿನ ನಾನು ತಲೆಗೆ ಎಣ್ಣೆ ಹಚ್ಚುವುದಿಲ್ಲ, ಹೂ ಮುಡಿಯುವುದಿಲ್ಲ, ಬೆಳಿಗ್ಗೆ ಉಳ್ಳಾಗಡ್ಡಿ ಮುಟ್ಟುವುದಿಲ್ಲ. ಲೂರ್ದಿನ್ ಬಾಯ್ ಮಾತ್ರ ಭಾನುವಾರದ ಇಗರ್ಜಿಗೆ ಹೋಗುವವಳಂತೆ ಇಸ್ತ್ರಿ ಮಾಡಿದ ಉಡುಪು ತೊಟ್ಟು ಬಂದಿದ್ದಳು. ನನ್ನ ನಂತರ ಯಾರೂ ಕೆಲಸಕ್ಕೆ ಸೇರಿಲ್ಲವಾದ್ದರಿಂದ ಮೊದಲ ಮಾತು ಈಗಲೂ ನನ್ನದೇ. ಗ್ಲಾಸುಗಳು ಬಂದವು. ಬಣ್ಣ ಹೊಸ ಬೆಲ್ಲದ್ದು, ನೊರೆ ಚೆನ್ನಾಗಿ ನಿಂತಿತ್ತು. ಮೂಗಿನ ಹತ್ತಿರ ತಂದೆ. ರೊಟ್ಟಿಯ ಅಂಚು ಇತ್ತು, ಹುಗ್ಗಿಯ ತಳವೂ ಇತ್ತು. ಅವುಗಳ ಮೇಲೆ, ತೆಳ್ಳಗೆ, ಬೆಣ್ಣೆ.

ಇನ್ನೊಮ್ಮೆ ಮೂಸಿದೆ. ಒಂದು ಗುಟುಕು ಕುಡಿದೆ. ನಾಲಿಗೆಯ ಮೇಲೆ ಜಿಡ್ಡು ಹರಡಿತು. ಸಂಶಯವೇ ಇರಲಿಲ್ಲ.

ಮಾಲೀಕರಿಗೆ ಈ ವಾಸನೆ ಸುಲಭಕ್ಕೆ ಸಿಗುವುದಿಲ್ಲ, ಅದನ್ನು ಅವರೇ ಒಪ್ಪಿಕೊಳ್ಳುತ್ತಾರೆ. ನಾನು ಚಲೋ ಐತಿ ಅಂದರೆ ಅವರೂ ತಲೆಯಾಡಿಸುತ್ತಿದ್ದರು, ಟ್ಯಾಂಕು ಪಾಸಾಗುತ್ತಿತ್ತು, ನಾಲ್ಕು ಬಾಟಲಿ ಇಂಗ್ಲೆಂಡಿಗೆ ಹೋಗುತ್ತಿದ್ದವು. ಲೂರ್ದಿನ್ ಬಾಯ್ ತನ್ನ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಮೇಜನ್ನು ನೋಡುತ್ತಿದ್ದಳು. ಅವಳಿಗೂ ಸಿಕ್ಕಿದೆ ಎಂದು ನನಗೆ ಗೊತ್ತಾಯಿತು. ಆದರೆ ಅವಳ ಸರದಿ ಕಡೆಗೆ. ಈ ಮೂಗನ್ನು ತಿದ್ದಿದವಳೇ ಅವಳು. ಎಷ್ಟೋ ಬೆಳಿಗ್ಗೆ ಗ್ಲಾಸುಗಳನ್ನು ಸಾಲಾಗಿಟ್ಟು, ಯಾವುದರಲ್ಲಿ ಬೆಣ್ಣೆ ಎಂದು ಕೇಳಿ ಕೇಳಿ ಕಲಿಸಿದ್ದಳು. ಆ ಮೂಗಿನಿಂದ ಅವಳಿಗೇ ಸುಳ್ಳು ಹೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ.

"ಬೆಣ್ಣಿ ಐತ್ರಿ," ಅಂದೆ.

ಮಾಲೀಕರು ಅವಳ ಕಡೆ ನೋಡಿದರು. ಅವಳು ಗ್ಲಾಸನ್ನು ಮೇಜಿನ ಮೇಲಿಟ್ಟು, "ಹೌದು," ಅಂದಳು. ಈ ಸಲ ನಗಲಿಲ್ಲ.

ಎರಡು ದಿನದ ಮೇಲೆ ಅಬಕಾರಿಯವರ ಎದುರು ಅವಳೇ ಟ್ಯಾಂಕಿನ ನಲ್ಲಿ ತಿರುಗಿಸಿದಳು. ಬೇರೆಯವರಿಗೆ ಮುಟ್ಟಗೊಡಲಿಲ್ಲ. ಬೆಲ್ಲದ ಬಣ್ಣದ ಬಿಯರು ಗಟಾರದ ತುಂಬ ನೊರೆಯೆಬ್ಬಿಸಿ ಹರಿಯಿತು. ಇಡೀ ಅಂಗಳಕ್ಕೆ ಹಬ್ಬದ ಅಡುಗೆಮನೆಯ ವಾಸನೆ ಹಬ್ಬಿತ್ತು. ನಾನು ಅಲ್ಲಿ ನಿಲ್ಲಲಾರದೆ ಲ್ಯಾಬಿಗೆ ಹೋಗಿ ಕೂತೆ.

ಆ ಸಂಜೆ ಬಾಲ್ಕಾಂವಿನಲ್ಲಿ ಅವಳೇ ಮಾತು ತೆಗೆದಳು. ಬಿಯರು ಹುದುಗಿ ಮುಗಿಯುವಾಗ ಟ್ಯಾಂಕನ್ನು ಒಂದೆರಡು ದಿನ ತುಸು ಬೆಚ್ಚಗೆ ಬಿಡಬೇಕು. ಈಸ್ಟು ತಾನು ಹುಟ್ಟಿಸಿದ ಬೆಣ್ಣೆಯ ವಾಸನೆಯನ್ನು ಆಗ ತಾನೇ ತಿಂದು ಮುಗಿಸುತ್ತದೆ. ಆಮೇಲೆಯೇ ತಣ್ಣಗೆ ಮಾಡಬೇಕು. ಮಾರ್ಚಿನಲ್ಲಿ ಅವಳು ಹಾಗೆ ಬೆಚ್ಚಗೆ ಇಡದೆ ಅವಸರದಲ್ಲಿ ತಣ್ಣಗೆ ಮಾಡಿದಳು. ಕಾಣಕೋಣದ ತಂಗಿಯ ಮನೆಗೆ ಹೋಗುತ್ತೇನೆಂದು ನನಗೆ ಹೇಳಿ ಹೋದದ್ದು ಆಗಲೇ.

"ಕಾಣಕೋಣಕ್ಕ ಹೋಗಿರಲಿಲ್ಲ," ಅಂದಳು. "ಪಣಜಿಗೆ, ಪಾಸ್‌ಪೋರ್ಟಿನ ಕೆಲಸಕ್ಕ."

"ನನಗ ಹೇಳಿದ್ರ ನಾ ನೋಡ್ಕೋತಿದ್ನಲ್ಲ ಬಾಯ್, ಟ್ಯಾಂಕು."

"ಹೇಳಿದ್ರ ಎಲ್ಲಿಗೆ ಹೊಂಟೇನಿ ಅಂತನೂ ಹೇಳಬೇಕಾಗ್ತಿತ್ತು. ನಿನ್ನ ಮುಖ ನೋಡಿ ಹೆಂಗ ಹೇಳಲಿ?" ರಸ್ತೆಯ ಕಡೆ ತಿರುಗಿ, "ಅವತ್ತು ಮೇಜಿನ ಮುಂದ ನೀ ಸುಮ್ನಿರಬಹುದಿತ್ತು," ಅಂದಳು.

"ನಾ ಸುಮ್ನಿದ್ದಿದ್ರ ನೀವು ಹೇಳ್ತಿದ್ದಿಲ್ಲೇನು?"

"ಗೊತ್ತಿಲ್ಲ ಗೋ. ಖರೇನ ಗೊತ್ತಿಲ್ಲ."

ಮಗನಿಗೆ ಅವಳು ಒಯ್ದದ್ದು ಗೋಡಂಬಿ ಮತ್ತು ಒಣ ಸೀಗಡಿ. ಹೋಗುವಾಗ ಮನೆಯ ಬೀಗದ ಕೈ ನನಗೆ ಕೊಟ್ಟಳು. ಈಗ ಆ ದೊಡ್ಡ ಮನೆಯಲ್ಲಿ ನಾನೊಬ್ಬಳೇ. ಬೆಳಿಗ್ಗೆ ಸೈಕಲ್ಲಿನಲ್ಲಿ ಪಾವು ತರುವ ಪದೇರ್ ಹಾರ್ನ್ ಒತ್ತಿದರೆ ನಾನು ಹೋಗಿ ಕೊಂಕಣಿಯಲ್ಲಿ ಮಾತಾಡಿ ತೆಗೆದುಕೊಳ್ಳುತ್ತೇನೆ. ಹಿಂದೆ ನನಗೆ ಬಾಗಿಲು ಹಾಕಿದ್ದ ನೆರೆಯವರು ಈಗ ತಾವು ಬೇರೆ ಊರಿಗೆ ಹೋಗುವಾಗ ಗಿಡಕ್ಕೆ ನೀರು ಹಾಕಲು ನನಗೇ ಹೇಳುತ್ತಾರೆ. ಗೆದ್ದೆ ಅನ್ನಬೇಕು. ಆದರೆ ಯಾರಿಗೆ ಹೇಳಲಿ? ಬಾಲ್ಕಾಂವಿನ ಎದುರಿನ ಕಲ್ಲು ಖಾಲಿ ಇದೆ, ನನ್ನನ್ನು 'ಗೋ' ಎಂದು ಕರೆಯುವವರು ಯಾರೂ ಇಲ್ಲ.

ದೀಪಾವಳಿಗೆ ಧಾರವಾಡಕ್ಕೆ ಹೋದೆ. ರೈಲು ಸುರಂಗಗಳನ್ನು ದಾಟಿ ಘಟ್ಟ ಏರಿದಂತೆ ಗಾಳಿ ಒಣಗುತ್ತ ಬಂತು, ನನ್ನ ಎದೆ ಹಗುರಾಯಿತು. ಊರಿಗೆ ಬಂದೆ ಅನ್ನಿಸಿತು. ಅಕ್ಕ ಒಲೆಯ ಮುಂದೆ ಕೂರಿಸಿ ಬಿಸಿ ರೊಟ್ಟಿ ಹಾಕಿದಳು, ಅದರ ಮೇಲೆ ಬೆಣ್ಣೆಯ ಉಂಡೆ. "ನೀ ಬರ್ತಿ ಅಂತ ನಿನ್ನೆನ ಕಡದೇನಿ," ಅಂದಳು. ಬೆಣ್ಣೆ ಕರಗಿ ರೊಟ್ಟಿಗೆ ಇಳಿಯಿತು. ನಾನು ತುತ್ತು ಮುರಿದು ಬಾಯಿಯ ಹತ್ತಿರ ತಂದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ತಲೆ ತಾನಾಗಿ ಹಿಂದೆ ಸರಿಯಿತು.

"ಯಾಕ, ಕೆಟ್ಟೈತೇನು?" ಅಕ್ಕ ಗಾಬರಿಯಾದಳು.

"ಇಲ್ಲಕ್ಕಾ. ಭಾಳ ಚಲೋ ಐತಿ."

ಅವಳು ಬೆಣ್ಣೆಯ ಗಡಿಗೆ ಎತ್ತಿ ತಾನೇ ಮೂಸಿ ನೋಡಿದಳು. ಗಡಿಗೆ ಕೆಳಗಿಟ್ಟು ನನ್ನನ್ನು ನೋಡಿದಳು. ನಾನು ಆ ರೊಟ್ಟಿಯನ್ನು ಒಂದಂಚು ಬಿಡದೆ ತಿಂದೆ. ಅವಳು ಎರಡನೆಯ ರೊಟ್ಟಿ ಹಾಕಿದಳು. ಬೆಣ್ಣೆಗೆ ಕೈ ಹಾಕಿ, ಉಂಡೆಯನ್ನು ಬೆರಳಲ್ಲೇ ಹಿಡಿದುಕೊಂಡು ತಡೆದಳು.

"ಹಾಕ್ಲೋ, ಬ್ಯಾಡೋ?" ಅಂತ ಕೇಳಿದಳು.

ನಮ್ಮ ಮನೆಯಲ್ಲಿ ಹಾಗೆ ಕೇಳುವುದು ಬೀಗರನ್ನು ಮಾತ್ರ.