ತಪಸ್ಸು ಕಾಲದಲ್ಲಿ ಬಿಟ್ಟ ಕರಣೆ

2022ರಲ್ಲಿ ಕ್ಯಾತನಹಳ್ಳಿಯ ಗೌಡರೊಬ್ಬರ ಹೊಸ ಮನೆಗೆ ನಾನು ಗಾರೆ ಮೇಸ್ತ್ರಿ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೂ ನಾನು ಪ್ಲಾಸ್ಟರಿಂಗ್ ಮಾಡಿದ ಗೋಡೆಗೆ ಮಟ್ಟಗೋಲು ಆನಿಸಿ, ಸಂದಿಯಲ್ಲಿ ಬೆಳಕು ತೂರಿದರೆ ಹೇಳಿ ಅಂತ ಎಂಜಿನಿಯರುಗಳಿಗೇ ಸವಾಲು ಹಾಕುತ್ತಿದ್ದೆ. ಒಬ್ಬರೂ ಹೇಳಿದ್ದಿಲ್ಲ.

ನಮ್ಮ ಕಸುಬಿನಲ್ಲಿ ಹೆಣ್ಣಾಳು ಗಾರೆ ಹೊರುತ್ತಾಳೆ, ಗಾರೆ ಬಳಿಯುವ ಕರಣೆ ಹಿಡಿಯುವುದಿಲ್ಲ. ಯಾಕೆ ಅಂತ ನಾನೂ ಕೇಳಿದವನಲ್ಲ. ಹನ್ನೊಂದು ವರ್ಷದಿಂದ ನನ್ನ ಕೈಕೆಳಗೆ ಬಾಂಡ್ಲಿ ಹೊರುತ್ತಿದ್ದ ಸಾಕಮ್ಮ, ಒಂದು ಮಧ್ಯಾಹ್ನ ನಾವು ಉಣ್ಣುವಷ್ಟರಲ್ಲಿ ಕಿಟಕಿ ಪಕ್ಕ ಎರಡು ಮೊಳ ಗೋಡೆ ಬಳಿದಿದ್ದಳು. ಕೂಗಾಡಿ, ಕೆರೆದು ಹಾಕಿದೆ.

"ಕತ್ತು ನೋವು ತಡೆಯಾಕಾಯ್ತಿಲ್ಲ ಮೇಸ್ತ್ರಣ್ಣ. ಡಾಕ್ಟ್ರು ತಲೆ ಮ್ಯಾಲೆ ಭಾರ ಆಕ್ಬ್ಯಾಡ ಅಂದವ್ರೆ. ಕರಣೆ ಕೊಡ್ದಿದ್ರೆ ನಾನ್ ಏನ್ ಕೆಲ್ಸ ಮಾಡ್ಲಿ?"

"ಮನೇಲಿರು" ಅಂದೆ. ಮಾರನೇ ದಿನದಿಂದ ಅವಳು ಬರಲಿಲ್ಲ.

ಕೆರೆಯುವ ಮುಂಚೆ, ಅವಳು ನೀರಿಗೆ ಹೋಗಿದ್ದಾಗ, ಅದಕ್ಕೆ ಮಟ್ಟಗೋಲು ಇಟ್ಟು ನೋಡಿದ್ದೆ. ಬೆಳಕು ತೂರಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ.

ಅದು ನಮ್ಮ ಕ್ರೈಸ್ತರ ತಪಸ್ಸು ಕಾಲ, ಪಾಸ್ಕ ಅಂದರೆ ಈಸ್ಟರ್ ಹಬ್ಬದ ಮುಂಚಿನ ನಲವತ್ತು ದಿನ. ಪ್ರತಿ ವರ್ಷ ಬಾಡು, ಬೀಡಿ ಬಿಟ್ಟು ಎದೆ ಉಬ್ಬಿಸಿಕೊಂಡು ಓಡಾಡುವವನು ನಾನು. ಆ ಭಾನುವಾರ ಚರ್ಚಿನಲ್ಲಿ ಫಾದರ್, "ಬಿಟ್ಟರೆ ನೋವಾಗೋದನ್ನ ಬಿಡಿ" ಅಂದರು. ಪೂಜೆ ಮುಗಿಯುವ ತನಕ ಕೂರಲಾಗಲಿಲ್ಲ, ಎರಡು ಸಲ ಎದ್ದು ಆಚೆ ಹೋದೆ. ಸಾಕಮ್ಮನಿಗೆ ಬಚ್ಚಲುಮನೆ ಗೋಡೆ ಕೊಟ್ಟರಾಯಿತು, ಯಾರ ಕಣ್ಣಿಗೂ ಬೀಳಲ್ಲ ಅಂದುಕೊಂಡೆ. ಆದರೆ ಅದರಲ್ಲಿ ನೋವೆಲ್ಲಿ? ಮನೆ ಕಡೆ ಹೊರಟಿದ್ದ ಬೈಕು ತಿರುಗಿಸಿ ಅವಳ ಮನೆಗೇ ಹೋಗಿ, "ನಾಳೆ ಬಾ. ರಸ್ತೆ ಕಡೆ ಗೋಡೆ ನಿಂದು" ಅಂದೆ.

ಗೌಡರು ಸಿಡಿದರು. "ಏನ್ಲಾ ಮೇಸ್ತ್ರಿ, ನಿನ್ ಕೈ ನಂಬಿ ಕೆಲ್ಸ ಕೊಟ್ರೆ ಎಣ್ಣಾಳ್ ಕೈಲಿ ಬಳುಸ್ತೀಯಾ?"

"ಡೊಂಕಾದ್ರೆ ಕೆರೆದು ನಾನೇ ಬಳ್ಕೊಡ್ತೀನಿ ಗೌಡ್ರೆ" ಅಂದೆ.

ನನ್ನ ಕರಣೆ ಅವಳ ಕೈಗೆ ಕೊಟ್ಟೆ. ಇನ್ನು ಅವಳ ಬಾಂಡ್ಲಿ ಹೊರುವವರು ಇರಲಿಲ್ಲ. ಟವಲ್ಲನ್ನೇ ಸಿಂಬೆ ಸುತ್ತಿ ತಲೆಗಿಟ್ಟುಕೊಂಡೆ. "ನೋಡ್ರಲಾ, ಮೇಸ್ತ್ರಿ ಕಿರೀಟ ಇಕ್ಕವ್ರೆ!" ಅಂತ ಗಾರೆಯವರು ನಕ್ಕರು. ಸಾರ್ವೆ ಹಲಗೆ ಮೇಲೆ ನಿಂತಿದ್ದ ಸಾಕಮ್ಮ, "ಗಾರೆ ಗಟ್ಟಿ ಆಯ್ತು ಮೇಸ್ತ್ರಣ್ಣ, ವಸಿ ನೀರ್ ಆಕ್ಕೊಂಡ್ ಬನ್ನಿ" ಅಂದಳು. ಮೂವತ್ತು ವರ್ಷದಲ್ಲಿ ನನ್ನ ಗಾರೆಯಲ್ಲಿ ಯಾರೂ ಕೊಂಕು ತೆಗೆದಿರಲಿಲ್ಲ. ಮುಟ್ಟಿ ನೋಡಿದೆ. ಗಟ್ಟಿಯಾಗಿಯೇ ಇತ್ತು. ನೀರು ಹಾಕಿದೆ.

ಸಂಜೆ ಗೌಡರೇ ಮಟ್ಟಗೋಲು ಹಿಡಿದರು. ಬೆಳಕು ತೂರಲಿಲ್ಲ. "ಉಂ" ಅಂದು ಒಳಗೆ ಹೋದರು.

ಪಾಸ್ಕದ ದಿನ ಬಾಡು ಉಂಡೆ, ಬೀಡಿಯನ್ನೂ ಹಚ್ಚಿದೆ. ಕರಣೆ ವಾಪಸ್ ಕೇಳಲಿಲ್ಲ. ಆದರೂ ನೆಮ್ಮದಿ ಇಲ್ಲ. ಕರಣೆ ಬಿಡುವುದಕ್ಕಿಂತ ಬಾಯಿ ಬಿಟ್ಟು ಒಂದು ಮಾತು ಹೇಳುವುದು ಕಷ್ಟ ಅಂತ ಈ ಕಸುಬು ನನಗೆ ಕಲಿಸಿದ್ದು ಆಗಲೇ. ಸೋಮವಾರ ಎಲ್ಲರ ಮುಂದೆ ಹೇಳಿಬಿಟ್ಟೆ: "ಸಾಕಮ್ಮ, ಆವತ್ತು ನಾನು ಕೆರೆದಿದ್ದೂ ಮಟ್ಟವಾಗೇ ಇತ್ತು."

ಅವಳು ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಕಣಣ್ಣ. ನಾನೂ ಮಟ್ಟಗೋಲು ಇಟ್ಟಿದ್ದೆ."