ಹಿಮ್ಮಡಿ ನೋಡುತ್ತಿದ್ದ ಅಪ್ಪ

ನಾನು ಚಿಕ್ಕವಳಿದ್ದಾಗ, ಕೊಲ್ಲಿ ನಾಡಿನ ವಾದಿ ಅದಾಯ್‌ನಲ್ಲಿ ಗ್ಯಾರೇಜುಗಳ ಹಿಂದಿನ ಬಯಲೇ ನಮ್ಮವರ ಕ್ರಿಕೆಟ್ ಮೈದಾನ. ಹುಲ್ಲು ಅಂದರೆ ಏನೆಂದು ಆ ನೆಲಕ್ಕೆ ಗೊತ್ತಿರಲಿಲ್ಲ. ಚೆಂಡು ಕಲ್ಲಿಗೆ ತಗುಲಿ ಎತ್ತಲೋ ಹಾರುತ್ತಿತ್ತು. ಶುಕ್ರವಾರ ಸಂಜೆ ಮನೆಗೆ ಬರುವ ಅಪ್ಪನ ಅಂಗಿಗೆ ಧೂಳು, ಗ್ರೀಸು, ಬೆವರು ಮೂರರ ವಾಸನೆಯೂ ಇರುತ್ತಿತ್ತು.

ಅಪ್ಪ ವಿಕೆಟ್ ಕೀಪರ್, ಆದರೆ ಯಾವಾಗಲೂ ಎರಡನೆಯವರು. ಮೊದಲು ಬೇಕರಿಯವರ ತಂಡ, ಆಮೇಲೆ ಪ್ರೆಸ್ಸಿನವರದು, ಕೊನೆಗೆ ಗ್ಯಾರೇಜಿನವರದು. ಎಲ್ಲಿ ಹೋದರೂ ಕಾಯಂ ಕೀಪರ್ ಬೇರೊಬ್ಬರು, ಅಪ್ಪನಿಗೆ ಬೆಂಚು. ಆದರೂ ಅಮ್ಮ ಪ್ರತಿ ವಾರ ಹಳೆಯ ಪಂಚೆಯ ತುಂಡು ಮಡಚಿ ಅವರ ಗ್ಲೌಸಿನೊಳಗೆ ಹೊಲಿದು ಕೊಡುತ್ತಿದ್ದಳು. ನನಗಂತೂ ಆ ಬೆಂಚಿನ ಮೇಲೆ ಭಾರೀ ಸಿಟ್ಟು.

ಖುರುಮ್‌ನಲ್ಲಿ ಆಫೀಸರುಗಳ ಮೈದಾನವಿತ್ತು. ಅಲ್ಲಿ ಹಸಿರು ಮ್ಯಾಟ್ ಹಾಸಿ ಆಡುತ್ತಿದ್ದರು. ಗ್ಯಾರೇಜಿನವರು ಅದನ್ನು ಹಾಸಬಹುದು, ಸುತ್ತಿ ಇಡಬಹುದು, ಅದರ ಮೇಲೆ ಆಡುವಂತಿಲ್ಲ. ಅಪ್ಪ ಎರಡು ವರ್ಷ ಆ ಮ್ಯಾಟ್ ಹಾಸಿದರು. ಹಾಸಿದ ಮೇಲೆ ವಿಕೆಟ್ಟಿನ ಹಿಂದೆ, ಬೌಂಡರಿಯಾಚೆ ಕೂತು ಆಟ ನೋಡುತ್ತಿದ್ದರು.

ಕೊನೆಗೊಂದು ವರ್ಷ ಆಫೀಸರುಗಳು ನಮ್ಮ ತಂಡವನ್ನೂ ಪಂದ್ಯಕ್ಕೆ ಕರೆದರು. ಸೋತರೆ ಮತ್ತೆ ಕರೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಂದೇ ನಮ್ಮ ಕಾಯಂ ಕೀಪರ್ ಲಾರಿ ಕೆಟ್ಟು ದೂರದ ಇಬ್ರಿಯಲ್ಲಿ ಸಿಕ್ಕಿಬಿದ್ದಿದ್ದ. ಕ್ಯಾಪ್ಟನ್ ಅಪ್ಪನ ಕಡೆ ತಿರುಗಿ, "ಯಲ್ಲಾ, ಬೇಗ ಬೇಗ, ಪ್ಯಾಡ್ ಕಟ್ಟಿ ಮಾರ್ರೆ. ಇವತ್ತು ನೀವೇ" ಅಂದ. ನನ್ನ ಜೊತೆ ಪಂದ್ಯ ನೋಡಲು ಬಂದಿದ್ದ ಅಕ್ಕ ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಕೊನೆಯಲ್ಲಿ ಆಫೀಸರುಗಳಿಗೆ ಗೆಲ್ಲಲು ಮೂರೇ ರನ್ ಬೇಕಿತ್ತು, ಅವರ ಕೈಯಲ್ಲಿ ಉಳಿದದ್ದು ಒಂದೇ ವಿಕೆಟ್. ಅಪ್ಪ ಬೌಲರನ ಹತ್ತಿರ ಹೋಗಿ ಏನೋ ಹೇಳಿದರು. ಏನೆಂದು ನಮಗೆ ಆಮೇಲೆ ತಿಳಿಯಿತು: "ನಿಧಾನಕ್ಕೆ ಹಾಕು. ಚೆಂಡು ತಪ್ಪಿದ್ರೆ ಈ ಜನ ಹಿಮ್ಮಡಿ ಎತ್ತುದುಂಟು. ಎರಡು ವರ್ಷ ನೋಡಿದ್ದೇನೆ."

ಚೆಂಡು ನಿಧಾನವಾಗಿ ಬಂತು, ಬ್ಯಾಟಿಗೆ ಸಿಗಲಿಲ್ಲ. ಬ್ಯಾಟ್ಸ್‌ಮನ್ನಿನ ಹಿಮ್ಮಡಿ ಮೇಲೆದ್ದಿತು, ಗೆರೆಯೊಳಗೆ ಅವನ ಕಾಲು ಉಳಿಯಲಿಲ್ಲ. ಅಷ್ಟರಲ್ಲಿ ಅಪ್ಪ ಚೆಂಡು ಹಿಡಿದು ಬೇಲ್ಸ್ ಹಾರಿಸಿ ಆಗಿತ್ತು. ಅಂಪೈರ್ ಬೆರಳೆತ್ತಿದರು. ನಮ್ಮವರು ಅಪ್ಪನನ್ನು ಹೆಗಲ ಮೇಲೆ ಹೊತ್ತು ಅದೇ ಮ್ಯಾಟಿನ ಮೇಲೆ ಕುಣಿದರು. ನನಗೆ ಖುಷಿಯಿಂದ ಅಳುವೇ ಬಂತು. ಅಂದು ಮ್ಯಾಟ್ ಸುತ್ತಿಟ್ಟವರು ಯಾರೋ ಗೊತ್ತಿಲ್ಲ, ನಮ್ಮವರಂತೂ ಅಲ್ಲ.

ಮಕ್ಕಳೇ, ಈಗ ನಿಮ್ಮ ಮೈದಾನದಲ್ಲಿ ಹುಲ್ಲಿದೆ, ದೀಪಗಳಿವೆ, ನಿಮ್ಮ ಅಪ್ಪನ ಕೆಲಸ ಏನೆಂದು ಗೇಟಿನಲ್ಲಿ ಯಾರೂ ಕೇಳುವುದಿಲ್ಲ. ಬೆಂಚು ಮಾತ್ರ ಈಗಲೂ ಇದೆ. ಮೊನ್ನೆ ಮೊಮ್ಮಗಳು ಮುಖ ಊದಿಸಿಕೊಂಡು ಬಂದು, "ಅಜ್ಜಿ, ಐ ಆಮ್ ಓನ್ಲಿ ರಿಸರ್ವ್" ಅಂದಳು. ನಾನು ಅಪ್ಪನ ಗ್ಲೌಸ್ ತೆಗೆದು ಅವಳ ಮಡಿಲಲ್ಲಿಟ್ಟೆ.

"ಒಳ್ಳೇದಾಯ್ತು ಮಗಾ," ಅಂದೆ. "ಅಲ್ಲಿ ಕೂತು ಎಲ್ಲರ ಹಿಮ್ಮಡಿ ನೋಡು."